‘ಸೇ’, ‘ಟೆಲ್’ ಮತ್ತು ಬಿಳಿ ಮೂಲೆಯ ಕಾರ್ಡು

ನೋಟಿಸು ಬಂದದ್ದು ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ. ಎರಡು ಹಾಳೆ, ಜೊತೆಗೆ ಒಂದು ಜೆರಾಕ್ಸ್. ಪ್ರಕಾಶನದ ಒಡತಿ ಅದನ್ನು ನಿಂತೇ ಒಮ್ಮೆ ಓದಿದರು, ಕೂತು ಇನ್ನೊಮ್ಮೆ ಓದಿದರು. ಆಮೇಲೆ ನಿಘಂಟು ವಿಭಾಗಕ್ಕೆ ಫೋನ್ ಮಾಡಿ, “ಇಬ್ಬರೂ ಬನ್ನಿ” ಎಂದರು.

ನಿಘಂಟು ವಿಭಾಗದಲ್ಲಿ ಇದ್ದವರೇ ಇಬ್ಬರು. ಒಬ್ಬರು ಮುಖ್ಯ ಸಂಪಾದಕರು. ವಯಸ್ಸು ಅರವತ್ತಮೂರು, ಹನ್ನೆರಡು ವರ್ಷದಿಂದ ಒಂದೇ ಇಂಗ್ಲಿಷ್–ಕನ್ನಡ ನಿಘಂಟನ್ನು ಕಟ್ಟುತ್ತಿದ್ದವರು. ಇನ್ನೊಬ್ಬಳು ಮೂರು ವರ್ಷದ ಹಿಂದೆ ಸೇರಿದ ಸಹಾಯಕಿ, ಅವರ ತಂಗಿಯ ಮಗಳು. ಮನೆಯಲ್ಲಿ ‘ಮಾವ’, ಆಫೀಸಿನಲ್ಲಿ ‘ಸರ್’. ಈ ನಿಯಮವನ್ನು ಮೊದಲ ದಿನವೇ ಮಾಡಿದವರು ಅವರೇ.

ನಿಘಂಟಿನ ಪುಟಗಳು ಮರುದಿನ ಬೆಳಗ್ಗೆ ಅಚ್ಚಿಗೆ ಹೋಗಬೇಕಿತ್ತು. ಶೀರ್ಷಿಕೆ ಪುಟದಲ್ಲಿ ಅವರ ಹೆಸರಿನ ಕೆಳಗೆ, ಸಣ್ಣ ಅಕ್ಷರದಲ್ಲಿ, ಅವಳ ಹೆಸರೂ ಇತ್ತು.

“ಕೂತ್ಕೊಳ್ಳಿ,” ಎಂದರು ಒಡತಿ. “ಹೋದ ತಿಂಗಳು ಪುಸ್ತಕದಂಗಡಿಗಳಿಗೆ ಹದಿನಾರು ಪುಟದ ಮಾದರಿ ಕಳಿಸಿದ್ವಲ್ಲ, ಅದರ ಒಂಬತ್ತನೇ ಪುಟ. ‘ಸೇ ಅಥವಾ ಟೆಲ್?’ ಅನ್ನೋ ಟಿಪ್ಪಣಿ ಚೌಕ. ಯಾರು ಬರೆದಿದ್ದು?”

“ನಾನು ಮೇಡಂ,” ಎಂದಳು ಸಹಾಯಕಿ.

ಒಡತಿ ಜೆರಾಕ್ಸನ್ನು ಮೇಜಿನ ಮೇಲೆ ತಿರುಗಿಸಿಟ್ಟರು. ಇನ್ನೊಂದು ಪ್ರಕಾಶನ ಇಪ್ಪತ್ತೊಂದು ವರ್ಷದ ಹಿಂದೆ ತಂದಿದ್ದ ನಿಘಂಟಿನ ೬೧೧ನೇ ಪುಟ. ‘ಸೇ’, ‘ಟೆಲ್’ ವ್ಯತ್ಯಾಸ ತೋರಿಸುವ ಐದು ಇಂಗ್ಲಿಷ್ ವಾಕ್ಯಗಳಿಗೆ ಕೆಂಪು ಗೆರೆ ಎಳೆದಿದ್ದರು.

“ಐದಕ್ಕೆ ಐದೂ ಒಂದೇ. ಅದೇ ಸಾಲು, ಅದೇ ಕ್ರಮ. ಕಾಮಾ ಕೂಡ ಜಾಗ ಬಿಟ್ಟು ಕದಲಿಲ್ಲ. ಈ ನಿಘಂಟು ನೋಡ್ಕೊಂಡು ಬರೆದ್ರಾ?”

“ಇಲ್ಲ ಮೇಡಂ. ಇದನ್ನ ನಾನು ಕಣ್ಣಲ್ಲೂ ಕಂಡಿಲ್ಲ.”

“ಕಣ್ಣಲ್ಲಿ ಕಾಣ್ದೇ ಕಾಮಾ ಸಮೇತ ಹೇಗೆ ಬಂತು? ಕನಸಲ್ಲಿ ಬಂತಾ?”

ಅವಳು ಮಾವನ ಕಡೆ ನೋಡಿದಳು. ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು. ಒರೆಸಿ, ಮೂಗಿಗೆ ಏರಿಸಿ, ಮತ್ತೆ ತೆಗೆದು ಒರೆಸಿದರು.

ನೋಟಿಸಿನ ಬೇಡಿಕೆ ಸ್ಪಷ್ಟವಾಗಿತ್ತು. ಸಂಜೆ ಐದರೊಳಗೆ ಲಿಖಿತ ಉತ್ತರ ಬೇಕು. ಯಾರು ನಕಲು ಮಾಡಿದರು, ಏನು ಕ್ರಮ ಆಯಿತು ಎಂದು ಅದರಲ್ಲಿರಬೇಕು. ಇಲ್ಲದಿದ್ದರೆ ಮರುದಿನ ನ್ಯಾಯಾಲಯದಿಂದ ತಡೆಯಾಜ್ಞೆ.

“ನಾಲ್ಕು ಗಂಟೆಗೆ ಮತ್ತೆ ಬನ್ನಿ,” ಎಂದು ಒಡತಿ ಅವಳಿಗೆ ಹೇಳಿದರು. “ಅಷ್ಟರಲ್ಲಿ ಒಂದು ಕಾಗದ ಟೈಪ್ ಮಾಡಿಸಿರ್ತೀನಿ. ಅನುಭವ ಸಾಲದೆ ತಪ್ಪಾಯ್ತು ಅಂತ. ಸಹಿ ಹಾಕಿದ್ರೆ ಆ ಚೌಕ ಒಂದನ್ನ ತೆಗೆದು ಪುಸ್ತಕ ಉಳಿಸ್ತೀನಿ. ನಿಮ್ಮನ್ನ ಉಳಿಸೋಕೆ ಆಗಲ್ಲ. ಬೇಜಾರು ಮಾಡ್ಕೋಬೇಡಿ.”

ನಿಘಂಟು ಮಾಡುವ ಪ್ರಕಾಶನಗಳು ಕನ್ನಡದಲ್ಲಿ ಇದ್ದದ್ದೇ ಐದಾರು. ವಾಕ್ಯ ಕದ್ದೆ ಎಂದು ಸಹಿ ಹಾಕಿಕೊಟ್ಟವಳಿಗೆ ಅವುಗಳಲ್ಲಿ ಒಂದೂ ಬಾಗಿಲು ತೆರೆಯುವುದಿಲ್ಲ ಎಂಬುದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು.

ಆ ಚೌಕಕ್ಕೆ ಅವಳು ಹನ್ನೊಂದು ದಿನ ತೆಗೆದುಕೊಂಡಿದ್ದಳು. ಇಂಗ್ಲಿಷ್ ಕಲಿಯುವ ಕನ್ನಡಿಗರು ಪದೇ ಪದೇ ಎಡವುವ ಜಾಗ ಅದು. ‘ಸೇ’ ಎಂಬುದಕ್ಕೆ ಆಡಿದ ಮಾತು ಮುಖ್ಯ, ‘ಟೆಲ್’ ಎಂಬುದಕ್ಕೆ ಕೇಳಿಸಿಕೊಂಡ ವ್ಯಕ್ತಿ ಮುಖ್ಯ ಎಂದು ಶುರುಮಾಡಿದ್ದಳು. ‘ಸೇ’ ಪಕ್ಕಕ್ಕೆ ವ್ಯಕ್ತಿಯನ್ನು ತರಬೇಕಾದರೆ ನಡುವೆ ‘ಟು’ ಎಂಬ ಹಲಗೆ ಹಾಕಬೇಕು. ‘ಟೆಲ್’ಗೆ ಹಲಗೆ ಬೇಡ, ಅದು ನೇರವಾಗಿ ಆಸಾಮಿಯ ಎದುರು ಹೋಗಿ ನಿಲ್ಲುತ್ತದೆ. ಇಂಥದ್ದು ಮಾಡು ಎಂದು ಒಬ್ಬರಿಗೆ ಅಪ್ಪಣೆ ಕೊಡುವುದು ‘ಟೆಲ್’. ನಿಜ, ಸುಳ್ಳು, ಕಥೆ, ಗುಟ್ಟು ಇವೆಲ್ಲ ‘ಟೆಲ್’ ಪಾಲು. ಪ್ರಾರ್ಥನೆ, ಒಂದೆರಡು ಮಾತು, ಹೂಂ, ಊಹೂಂ ಇವು ‘ಸೇ’ ಪಾಲು. ಕೊನೆಗೆ ಕನ್ನಡದ ಒಂದು ಟಿಪ್ಪಣಿ: ನಮ್ಮ ‘ಅನ್ನು’ ‘ಸೇ’ಗೆ ಹತ್ತಿರ, ‘ತಿಳಿಸು’ ‘ಟೆಲ್’ಗೆ ಹತ್ತಿರ, ‘ಹೇಳು’ ಮಾತ್ರ ಎರಡೂ ಮನೆಯಲ್ಲಿ ಊಟ ಮಾಡುತ್ತದೆ.

ಇಷ್ಟೂ ಅವಳದೇ. ಕೆಳಗಿನ ಐದು ಇಂಗ್ಲಿಷ್ ವಾಕ್ಯ ಅವಳದಲ್ಲ. ಅವು ಕಾರ್ಡಿನಿಂದ ಬಂದವು.

ಮಾವ ಕಂಪ್ಯೂಟರನ್ನು ನಂಬಿದವರಲ್ಲ. ನಿಘಂಟಿನ ಪ್ರತಿ ಪದಕ್ಕೂ, ಅದರ ಉದಾಹರಣೆಗಳಿಗೂ ಒಂದೊಂದು ಕಾರ್ಡು. ನಲವತ್ತೊಂದು ಡ್ರಾಯರಿನ ಕಪಾಟು. ಪುಟ ಕಟ್ಟುವಾಗ ಮಾತ್ರ ಅವು ಕಂಪ್ಯೂಟರಿಗೆ ಏರುತ್ತಿದ್ದವು. ಕಾರ್ಡಿನ ಬಲ ಮೂಲೆಗೆ ಬಣ್ಣ ಹಚ್ಚುವುದು ಅವರು ಮಾಡಿದ ಪದ್ಧತಿ. ಕೆಂಪು ಮೂಲೆ ಎಂದರೆ ಇನ್ನೊಂದು ಪುಸ್ತಕದ್ದು, ಹಾಗೆಯೇ ಬಳಸಬಾರದು. ನೀಲಿ ಎಂದರೆ ಪತ್ರಿಕೆಯದು, ಬದಲಿಸಿ ಬಳಸಬೇಕು. ಬಿಳಿ ಮೂಲೆ ಎಂದರೆ ವಿಭಾಗದವರೇ ಸ್ವಂತವಾಗಿ ಕಟ್ಟಿದ ವಾಕ್ಯ. ಅದನ್ನು ಕೇಳದೆ ಬಳಸಬಹುದು, ಬೇರೆ ನಿಘಂಟುಗಳ ಜೊತೆ ಹೋಲಿಸಿ ನೋಡುವ ಅಗತ್ಯವೂ ಇಲ್ಲ. ಹನ್ನೆರಡು ವರ್ಷದಲ್ಲಿ ಈ ಮೂಲೆಗಳನ್ನು ಯಾರೂ ಅನುಮಾನಿಸಿರಲಿಲ್ಲ.

ಅವಳು ಕೆಳಗಿಳಿದು ಬಂದಾಗ ಪೇಜಣ್ಣ ಕಂಪ್ಯೂಟರಿನ ಮುಂದೆ ತಲೆ ಕೆರೆದುಕೊಳ್ಳುತ್ತಿದ್ದ. ಪುಟ ಕಟ್ಟುವವನಾದ್ದರಿಂದ ಆ ಹೆಸರು.

“ಏನ್ ತಂಗೀ, ಆ ಚೌಕ ಕಿತ್ತಾಕು ಅಂತ ಮೇಡಂ ಫೋನ್ ಮಾಡಿದ್ರು. ಅಲ್ಲಿ ಅಂಗೈ ಅಗಲ ಜಾಗ ಖಾಲಿ ಬೀಳತ್ತೆ. ಏನ್ ಹಾಕ್ಲಿ, ನನ್ನ ಫೋಟೋ ಹಾಕ್ಲಾ?”

“ಹಾಕು. ಕೆಳಗೆ ‘ಕಳೆದುಹೋಗಿದ್ದಾರೆ’ ಅಂತ ಬರಿ.”

“ಅಯ್ಯೋ, ನಗ್ತಿದ್ದೀಯ ಅಂದ್ರೆ ಏನೋ ದೊಡ್ಡದೇ ಆಗಿದೆ.” ಅವನು ದನಿ ತಗ್ಗಿಸಿದ. “ಆ ಟ್ಯಾಂಕಿನ ನೆರಳಿನ ವಾಕ್ಯ ಅದರಲ್ಲೇ ಅಲ್ವಾ ಇದ್ದಿದ್ದು? ಎಷ್ಟು ಚೆನ್ನಾಗಿತ್ತು. ಅಂಥದ್ದು ಇಬ್ಬರ ತಲೇಲಿ ಹುಟ್ಟಲ್ಲ ಬಿಡು.”

ಐದನೆಯ ವಾಕ್ಯ ಅದು. ಗಡಿಯಾರವಿಲ್ಲದ ಹೆಂಗಸೊಬ್ಬಳು ನೀರಿನ ಟ್ಯಾಂಕಿನ ನೆರಳು ನೋಡಿ ಹೊತ್ತು ಹೇಳುತ್ತಿದ್ದಳು. ಇಂಗ್ಲಿಷಿನಲ್ಲಿ ಹೊತ್ತು ಹೇಳುವುದಕ್ಕೆ ‘ಟೆಲ್’ ಮಾತ್ರ ಬರುತ್ತದೆ, ‘ಸೇ’ ಬರುವುದಿಲ್ಲ ಎಂದು ತೋರಿಸಲು ಅವಳು ಅದನ್ನು ಆರಿಸಿದ್ದಳು. ಪೇಜಣ್ಣ ಹೇಳಿದ್ದು ಸರಿ. ಇಬ್ಬರ ತಲೆಯಲ್ಲಿ ಹುಟ್ಟುವ ವಾಕ್ಯವಲ್ಲ.

ಅವಳು ಕಾರ್ಡು ಕೋಣೆಗೆ ಹೋಗಿ ‘ಟಿ’ ಡ್ರಾಯರ್ ಎಳೆದಳು. ಆ ಐದು ವಾಕ್ಯಗಳ ಕಾರ್ಡು ಇದ್ದಲ್ಲೇ ಇತ್ತು. ಟೈಪ್ ಮಾಡಿದ ಅಕ್ಷರ, ಬಿಳಿ ಮೂಲೆ. ಮೂರು ವರ್ಷದಲ್ಲಿ ಸಾವಿರ ಸಲ ನೋಡಿಯೂ ನೋಡದಿದ್ದ ಒಂದು ಸಂಗತಿ ಈಗ ಕಣ್ಣಿಗೆ ಬಿತ್ತು. ಕಾರ್ಡಿನ ಕೆಳ ಅಂಚಿನ ನಡುವೆ ಬಟಾಣಿಯಷ್ಟು ಅಗಲದ ತೂತು. ಕಾರ್ಡುಗಳನ್ನು ಯಾರೂ ಎತ್ತಿಕೊಳ್ಳದಂತೆ ಡ್ರಾಯರಿನ ಉದ್ದಕ್ಕೂ ಕಬ್ಬಿಣದ ಸರಳು ಪೋಣಿಸುವುದಕ್ಕೆ ಮಾಡುವ ತೂತು. ಈ ಕಪಾಟಿನ ಯಾವ ಡ್ರಾಯರಿಗೂ ಸರಳು ಇರಲಿಲ್ಲ.

ಅವಳು ಅಂದಾಜು ಮಾಡಲಿಲ್ಲ, ಎಣಿಸಿದಳು. ಒಂದೂವರೆ ಗಂಟೆಯ ಹೊತ್ತಿಗೆ ಆರು ಡ್ರಾಯರ್ ಮುಗಿದಿದ್ದವು. ತೂತಿದ್ದ ಕಾರ್ಡುಗಳು ಇನ್ನೂರ ಹದಿನಾಲ್ಕು. ಎಲ್ಲವೂ ಬಿಳಿ ಮೂಲೆಯವು. ಎದ್ದು ಉಲ್ಲೇಖದ ಪುಸ್ತಕಗಳ ಕಪಾಟು ನೋಡಿದಳು. ಅಲ್ಲಿ ಇಪ್ಪತ್ತೆಂಟು ನಿಘಂಟು ಇದ್ದವು. ನೋಟಿಸು ಕಳಿಸಿದವರ ನಿಘಂಟು ಇರಲಿಲ್ಲ.

ಮಾವ ತಮ್ಮ ಮೇಜಿನಲ್ಲಿ ಊಟದ ಡಬ್ಬಿ ತೆರೆದು ಕೂತಿದ್ದರು. ತಿಂದಿರಲಿಲ್ಲ. ಅವಳು ಬಾಗಿಲು ಮುಂದೆ ಮಾಡಿ ಕಾರ್ಡನ್ನು ಡಬ್ಬಿಯ ಪಕ್ಕ ಇಟ್ಟಳು.

“ಸರ್, ಈ ತೂತು ಏನು?”

“ಹಳೇ ಕಾರ್ಡು.”

“ಎಷ್ಟು ಹಳೇದು?”

“ಈಗ ಅದೆಲ್ಲ ಯಾಕೆ? ನಾಲ್ಕಕ್ಕೆ ಏನ್ ಮಾತಾಡ್ಬೇಕು ಅಂತ ಯೋಚ್ನೆ ಮಾಡು.”

“ಅದನ್ನೇ ಮಾಡ್ತಿದ್ದೀನಿ. ಆರು ಡ್ರಾಯರಲ್ಲಿ ಇನ್ನೂರ ಹದಿನಾಲ್ಕಿದೆ. ನೀವು ಆ ನೋಟಿಸು ಕಳಿಸಿದವರ ಹತ್ರ ಕೆಲಸ ಮಾಡ್ತಿದ್ರಿ. ನಾನು ಮೂರನೇ ಕ್ಲಾಸಲ್ಲಿದ್ದಾಗ. ಎರಡು ಬಸ್ ಬದಲಾಯಿಸಿ ಹೋಗ್ತಿದ್ರಿ ಅಂತ ಅತ್ತೆ ಬೈತಿದ್ದಿದ್ದು ನಂಗೆ ನೆನಪಿದೆ. ಇಲ್ಲಿ ಯಾರಿಗೂ ಗೊತ್ತಿಲ್ಲ, ಅಲ್ವಾ?”

ಅವರು ಡಬ್ಬಿಯ ಮುಚ್ಚಳ ಹಾಕಿದರು. ಅದು ಸರಿಯಾಗಿ ಕೂರಲಿಲ್ಲ. ಅಂಗೈಯಿಂದ ಗುದ್ದಿ ಕೂರಿಸಿದರು.

“ಅದು ಕೆಲಸ ಅಲ್ಲ. ಬಿಡಿ ಕೆಲಸ. ನಾಲ್ಕು ವರ್ಷ ಅವರಿಗೆ ವಾಕ್ಯ ಬರೆದು ಕೊಟ್ಟೆ. ಪುಸ್ತಕ ಬಂತು, ಹಿಂದೆ ಮುಂದೆ ಎಲ್ಲೂ ಹೆಸರಿಲ್ಲ. ಕಾರ್ಡನ್ನೆಲ್ಲ ಮೂಟೆ ಕಟ್ಟಿ ರದ್ದಿಗೆ ಅಂತ ಮೆಟ್ಟಿಲ ಕೆಳಗೆ ಎಸೆದಿದ್ರು. ನನ್ನವನ್ನ ನಾನು ಆರಿಸ್ಕೊಂಡು ಬಂದೆ. ನಾನು ಹೆತ್ತಿದ್ದನ್ನ ನಾನೇ ಎತ್ಕೊಂಡ್ರೆ ಕಳ್ಳತನಾನಾ?”

“ಆ ಪುಸ್ತಕದಲ್ಲಿ ಅಚ್ಚಾಗಿದೆ ಸರ್. ಕೆಂಪು ಮೂಲೆ ಹಾಕ್ಬೇಕಿತ್ತು.”

“ಕೆಂಪು ಬೇರೆಯವರ ವಾಕ್ಯಕ್ಕೆ. ನನ್ನ ವಾಕ್ಯಕ್ಕೆ ನಾನೇ ಕೆಂಪು ಬಳೀಲಾ?”

ಹೊರಗೆ ಯಾರೋ ಟ್ರಾಲಿ ತಳ್ಳಿಕೊಂಡು ಹೋದರು. ಅವರು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು.

“ನೋಡು,” ಎಂದರು ಅವರು. “ಈ ತೂತಿನ ವಿಷಯ ಮೇಲೆ ಹೋದ್ರೆ ಪುಸ್ತಕಾನೇ ನಿಲ್ಲತ್ತೆ. ಹನ್ನೆರಡು ವರ್ಷ. ಈಗ ಅವರಿಗೆ ಸಿಕ್ಕಿರೋದು ಒಂದೇ ಚೌಕ. ಅದು ನಿನ್ನ ತಪ್ಪು ಅಂತ ಆದ್ರೆ ಅಲ್ಲಿಗೇ ಮುಗಿಯತ್ತೆ. ನೀನು ಚಿಕ್ಕವಳು, ಇನ್ನೊಂದು ಕೆಲಸ ಸಿಗತ್ತೆ. ನಂಗೆ ಇನ್ನೊಂದು ಪುಸ್ತಕ ಇಲ್ಲ.”

“ಕದ್ದವಳು ಅಂತ ಬರೆದುಕೊಟ್ಟ ಮೇಲೆ ಯಾರು ಕೊಡ್ತಾರೆ ಸರ್ ಕೆಲಸ?”

“ಸರ್ ಆಗಿ ಕೇಳ್ತಿಲ್ಲ. ಮಾವ ಆಗಿ ಕೇಳ್ತಿದ್ದೀನಿ.”

“ಇಲ್ಲಿ ಮಾವ ಅನ್ಬೇಡ ಅಂದಿದ್ದು ನೀವೇ.”

ಅವಳು ಕಾರ್ಡು ಎತ್ತಿಕೊಂಡು ಹೊರಟಳು. ಅವರು ತಡೆಯಲಿಲ್ಲ.

ಮೂರೂ ಕಾಲಿಗೆ ಅವಳ ಅಮ್ಮನ ಫೋನ್ ಬಂತು.

“ಅಣ್ಣ ಫೋನ್ ಮಾಡಿದ್ದ ಕಣೇ. ಏನೋ ಕಾಗದಕ್ಕೆ ಸಹಿ ಹಾಕ್ಬೇಕಂತೆ, ನೀನು ಹಟ ಮಾಡ್ತಿದ್ದೀಯಂತೆ.”

“ಏನ್ ಕಾಗದ ಅಂತ ಹೇಳಿದ್ರಾ?”

“ಆಫೀಸ್ ವಿಷಯ ನಂಗೇನ್ ಗೊತ್ತು? ಕೆಲಸ ಕೊಡಿಸಿದ್ದೇ ಅವನು. ಅವನ ಮಾತು ಒಂದು ಕೇಳಿದ್ರೆ ನಿನ್ನ ಗಂಟೇನು ಹೋಗತ್ತೆ?”

“ಅಮ್ಮಾ, ನಾನು ಕದ್ದೆ ಅಂತ ಬರೆದಿದೆ ಅದರಲ್ಲಿ.”

ಆ ಕಡೆ ಕುಕ್ಕರ್ ಸೀಟಿ ಹೊಡೆಯಿತು. ಅಮ್ಮ ಅದನ್ನು ಆರಿಸಿ ಬಂದಳು.

“ಕದ್ದೆಯಾ?”

“ಇಲ್ಲ.”

“ಮತ್ತೆ ಯಾರು?”

ಅವಳು ಕೈಯಲ್ಲಿದ್ದ ಕಾರ್ಡನ್ನು ಮಗುಚಿಟ್ಟಳು. ಅಮ್ಮ ಮತ್ತೆ ಕೇಳಲಿಲ್ಲ. “ಸಂಜೆ ಬೇಗ ಬಾ,” ಎಂದು ಫೋನ್ ಇಟ್ಟಳು.

ನಾಲ್ಕು ಗಂಟೆಗೆ ಕಾಗದ ಮೇಜಿನ ಮೇಲಿತ್ತು. ಆರು ಸಾಲು. ಕೆಳಗೆ ಅವಳ ಹೆಸರು, ಹೆಸರಿನ ಮೇಲೆ ಸಹಿಗೆ ಖಾಲಿ ಜಾಗ. ಒಡತಿ ಪೆನ್ನಿನ ಮುಚ್ಚಳ ತೆಗೆದೇ ಮುಂದಿಟ್ಟಿದ್ದರು.

“ಇದರಲ್ಲಿ ಬರೆದಿರೋ ಹಾಗೆ ನಡೆದಿಲ್ಲ ಮೇಡಂ,” ಎಂದಳು ಅವಳು. ಕಾರ್ಡನ್ನು ಕಾಗದದ ಮೇಲೆ ಇಟ್ಟಳು. “ಐದೂ ವಾಕ್ಯ ತಗೊಂಡಿದ್ದು ಈ ಕಾರ್ಡಿಂದ. ಮೂಲೆ ಬಿಳಿ ಇದೆ. ನಮ್ಮ ನಿಯಮದ ಪ್ರಕಾರ ಇದು ನಮ್ಮದೇ ವಾಕ್ಯ. ತೂತು ನೋಡಿ. ಇದು ನಮ್ಮ ಕಪಾಟಿನ ಕಾರ್ಡಲ್ಲ.”

ಒಡತಿ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು. “ಕಪಾಟಿಗೆ ಹಾಕಿದ್ದು ಯಾರು?”

ಅವಳು ಬಾಯಿ ತೆರೆಯುವ ಮೊದಲು ಮಾವ ಮಾತಾಡಿದರು. ದನಿ ಸಮವಾಗಿತ್ತು.

“ಹನ್ನೆರಡು ವರ್ಷದಲ್ಲಿ ಆರು ಜನ ಸಹಾಯಕರು ಬಂದು ಹೋದರು ಮೇಡಂ. ಯಾರು ಏನ್ ಹಾಕಿದ್ರೋ. ಎಲ್ಲಾನೂ ನಾನು ನೋಡೋಕಾಗತ್ತಾ?”

ಒಡತಿಯ ಮುಖ ಸ್ವಲ್ಪ ಸಡಿಲವಾಯಿತು. “ಹೋದ ವರ್ಷ ಬಿಟ್ಟು ಹೋದಳಲ್ಲ, ಗುಂಗುರು ಕೂದಲಿನವಳು. ‘ಎಸ್’ ಇಂದ ‘ಟಿ’ವರೆಗೆ ನೋಡ್ಕೋತಿದ್ದೋಳು ಅವಳೇ ಅಲ್ವಾ?”

“ಅವಳೇ,” ಎಂದರು ಮಾವ.

“ಹಾಗಾದ್ರೆ ಸುಲಭ ಆಯ್ತು. ಈಗ ನಮ್ಮಲ್ಲಿಲ್ಲದ ಒಬ್ಬ ಉದ್ಯೋಗಿ ಅಂತ ಬರೆಯೋಣ. ಹೆಸರೂ ಹಾಕೋಣ. ಇವರ ಸಹಿನೂ ಬೇಡ.” ಒಡತಿ ಪೆನ್ನನ್ನು ತಮ್ಮ ಕಡೆ ಎಳೆದುಕೊಂಡರು. “ನೀವು ಬಚಾವ್, ತಗೊಳ್ಳಿ.”

ಬೆಳಗ್ಗೆಯಿಂದ ಅವಳು ಕಾದಿದ್ದ ಮಾತು ಅದು. ಕೆಲಸ ಉಳಿಯಿತು, ಶೀರ್ಷಿಕೆ ಪುಟದ ಹೆಸರು ಉಳಿಯಿತು. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಾಗಿತ್ತು. ಅವಳು ಮಾವನ ಕಡೆ ತಿರುಗಿದಳು. ಅವರು ಈ ಸಲ ನೇರವಾಗಿ ಅವಳನ್ನೇ ನೋಡುತ್ತಿದ್ದರು, ಕೆಲಸ ಸುಸೂತ್ರವಾಗಿ ಮುಗಿಯಿತಲ್ಲ ಎಂಬಂತೆ. ಗುಂಗುರು ಕೂದಲಿನವಳು ಈಗ ಇನ್ನೊಂದು ಪ್ರಕಾಶನದಲ್ಲಿ ಶಾಲಾ ನಿಘಂಟು ಮಾಡುತ್ತಿದ್ದಳು. ಅಲ್ಲಿ ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಒಡತಿ ಬರೆಯತೊಡಗಿದರು. ಮೂರು ಪದ, ನಾಲ್ಕು ಪದ.

“ಮೇಡಂ, ಅವಳಿಗೆ ಈಗ ಇಪ್ಪತ್ತಾರು ವರ್ಷ.”

“ಅದಕ್ಕೆ?”

“ಈ ಕಾರ್ಡು ಆ ನಿಘಂಟು ಬರೋಕೂ ಮುಂಚಿಂದು. ಇಪ್ಪತ್ತೊಂದು ವರ್ಷಕ್ಕಿಂತ ಹಳೇದು. ಆಗ ಅವಳಿಗೆ ಐದೂ ತುಂಬಿರಲಿಲ್ಲ.”

ಪೆನ್ನು ನಿಂತಿತು.

“ಬೇರೆ ಕಡೆಯಿಂದ ಎತ್ಕೊಂಡು ಬಂದಿರಬಹುದು,” ಎಂದರು ಮಾವ. ದನಿ ಈಗ ಸಮವಾಗಿರಲಿಲ್ಲ.

“ಇದೊಂದೇ ಅಲ್ಲ ಮೇಡಂ. ಆರು ಡ್ರಾಯರ್ ಎಣಿಸಿದೆ, ಇನ್ನೂರ ಹದಿನಾಲ್ಕಿದೆ. ಇನ್ನೂ ಮೂವತ್ತೈದು ಡ್ರಾಯರ್ ಎಣಿಸಿಲ್ಲ. ಎಲ್ಲಾ ಬಿಳಿ ಮೂಲೆ. ಎಲ್ಲಾ ನಾಳೆ ಅಚ್ಚಿಗೆ ಹೋಗತ್ತೆ. ಕಳಿಸಬೇಡಿ.” ಅವಳು ಕಾರ್ಡಿನ ತೂತಿನ ಮೇಲೆ ಬೆರಳಿಟ್ಟಳು. “ಆ ಸಂಸ್ಥೆಗೆ ನಾಲ್ಕು ವರ್ಷ ವಾಕ್ಯ ಬರೆದುಕೊಟ್ಟವರು ಈ ಕೋಣೆಯಲ್ಲಿದ್ದಾರೆ. ಅವರಾಗೇ ಹೇಳಿದ್ರೆ ಒಳ್ಳೇದಿತ್ತು.”

ಒಡತಿ ನಿಧಾನವಾಗಿ ಮಾವನ ಕಡೆ ತಿರುಗಿದರು. ಗೋಡೆ ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತೈದು ಆಗಿತ್ತು.

“ವಾಕ್ಯ ನನ್ನವು,” ಎಂದರು ಮಾವ ಕೊನೆಗೆ. “ಒಂದೊಂದೂ ನನ್ನದೇ. ಬೇರೆಯವರದ್ದು ನಾನು ಮುಟ್ಟಿಲ್ಲ.”

ಒಡತಿ ಕೂಗಾಡಲಿಲ್ಲ. ಬರೆದ ಹಾಳೆಯನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದರು. ಮುದ್ರಣಾಲಯಕ್ಕೆ ಫೋನ್ ಮಾಡಿ ಪುಟಗಳು ಬರುವುದಿಲ್ಲ ಎಂದರು. ನೋಟಿಸಿಗೆ ಉತ್ತರವಾಗಿ ನಾಲ್ಕು ಸಾಲು ಬರೆಸಿದರು: ನಕಲಿನ ಮೂಲ ಪತ್ತೆಯಾಗಿದೆ, ನಿಮ್ಮಲ್ಲಿ ಹಿಂದೆ ಬಿಡಿ ಕೆಲಸ ಮಾಡಿದವರೊಬ್ಬರಿಂದ ಬಂದಿದೆ, ಪುಸ್ತಕ ನಿಲ್ಲಿಸಿದ್ದೇವೆ, ಪೂರ್ಣ ಪಟ್ಟಿ ಕೊಡಲು ಒಂದು ತಿಂಗಳು ಬೇಕು. ಅದು ನಾಲ್ಕೂ ಐವತ್ತೆರಡಕ್ಕೆ ಹೋಯಿತು.

“ನಾಳೆಯಿಂದ ನೀವು ಮುಖ್ಯ ಸಂಪಾದಕರಲ್ಲ,” ಎಂದರು ಒಡತಿ. “ಆದರೆ ಬರಬೇಕು. ಒಂದೊಂದೂ ನನ್ನದೇ ಅಂದ್ರಲ್ಲ, ಒಂದೊಂದನ್ನೂ ನೋಡಿ ಹೇಳಿ. ಇವರು ಬರ್ಕೋತಾರೆ. ಈ ಪುಸ್ತಕ ಬರತ್ತೋ ಇಲ್ವೋ, ಬಂದ್ರೆ ಯಾರ ಹೆಸರಲ್ಲಿ ಅಂತ ಆಮೇಲೆ ನೋಡೋಣ.”

ಆ ಸಂಜೆ ಅಮ್ಮ ಊಟಕ್ಕೆ ಬಡಿಸಿ ಒಳಗೆ ಹೋದಳು.

ಮರುದಿನ ಒಂಬತ್ತೂವರೆಗೆ ಮಾವ ಬಂದರು. ಎಂದಿನ ಇಸ್ತ್ರಿ ಮಾಡಿದ ಅಂಗಿ, ಎಂದಿನ ಡಬ್ಬಿ. ತಮ್ಮ ಕುರ್ಚಿಯ ಹತ್ತಿರ ಹೋಗಿ, ನಿಂತು, ಮೇಜಿನ ಈಚೆ ಕಡೆಯ ಸ್ಟೂಲಿನಲ್ಲಿ ಕೂತರು. ಅವಳು ‘ಎ’ ಡ್ರಾಯರನ್ನು ಎತ್ತಿ ತಂದಿಟ್ಟಳು. ಮೇಜಿನ ಮೇಲೆ ಎರಡು ತಟ್ಟೆ. ಒಂದಕ್ಕೆ ಅವರವು, ಇನ್ನೊಂದಕ್ಕೆ ಗೊತ್ತಾಗದವು.

ಅವಳು ತೂತಿನ ಕಾರ್ಡು ಆರಿಸಿ, ಗಟ್ಟಿಯಾಗಿ ಓದುತ್ತಿದ್ದಳು. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು.

“ನಂದು.”

ಮುಂದಿನದು.

“ನಂದು.”

ಕೆಲವಕ್ಕೆ ಅವರು ವಾಕ್ಯ ಮುಗಿಯುವ ಮೊದಲೇ ಹೇಳುತ್ತಿದ್ದರು. ಕೆಲವಕ್ಕೆ ಉಳಿದರ್ಧವನ್ನು ಅವರೇ ಹೇಳಿ ಮುಗಿಸುತ್ತಿದ್ದರು, ಯಾವಾಗ ಬರೆದದ್ದು, ಎಲ್ಲಿ ಕೂತು ಬರೆದದ್ದು ಎಂದು ಕೂಡ. ಪೇಜಣ್ಣ ಬಾಗಿಲಲ್ಲಿ ಇಣುಕಿ, ಏನೋ ತಮಾಷೆ ಮಾಡಲು ಬಂದವನು, ಮಾಡದೆ ಹೋದ. ಹನ್ನೊಂದು ಗಂಟೆಗೆ ಒಂದನೇ ತಟ್ಟೆಯಲ್ಲಿ ನಲವತ್ತೆರಡು ಕಾರ್ಡು ಇದ್ದವು. ಎರಡನೆಯದು ಖಾಲಿ ಇತ್ತು.

ನಲವತ್ತಮೂರನೆಯದು ‘ಆಲ್ವೇಸ್’ ಪದದ್ದು. ಯಾರಾದರೂ ತೀರಿಕೊಂಡ ದಿನ ನನ್ನ ಅಪ್ಪ ಯಾವಾಗಲೂ ಬೂಟಿಗೆ ಪಾಲಿಶ್ ಹಾಕುತ್ತಿದ್ದರು, ಎಂಬುದು ಅದರ ಅರ್ಥ.

“ನಂದು,” ಎಂದರು ಮಾವ.

ಅವಳು ಕಾರ್ಡನ್ನು ತಟ್ಟೆಗೆ ಹಾಕಲಿಲ್ಲ.

“ತಾತ ಬೂಟು ಹಾಕ್ತಿದ್ರಾ?”

ಅವರು ಕಣ್ಣು ತೆರೆದರು.

“ತಾತ ಒಂದು ಜೊತೆ ಚಪ್ಪಲೀಲಿ ಜೀವನ ತೆಗೆದ್ರು ಅಂತ ಅಮ್ಮ ಹೇಳ್ತಾಳೆ.”

“ವಾಕ್ಯ ಕಣೇ. ವಾಕ್ಯದಲ್ಲಿ ಎಲ್ಲಾ ನಿಜಾನೇ ಇರ್ಬೇಕಾ?”

“ಇರ್ಬೇಕಾಗಿಲ್ಲ. ಇದು ನಿಮ್ಮದಾ?”

ಅವರು ಕೈ ಚಾಚಿದರು. ಅವಳು ಕಾರ್ಡು ಕೊಟ್ಟಳು. ಅವರು ಅದನ್ನು ಓದಲಿಲ್ಲ, ಹಿಡಿದುಕೊಂಡು ಕೂತರು, ಹೆಬ್ಬೆರಳು ಬಿಳಿ ಮೂಲೆಯ ಮೇಲಿತ್ತು.

“ನನ್ನ ಪಕ್ಕದ ಮೇಜಲ್ಲಿ ಒಬ್ಬ ಇದ್ದ,” ಎಂದರು. “ನನಗಿಂತ ಚೆನ್ನಾಗಿ ಬರೀತಿದ್ದ. ಅವನ ಹೆಸರನ್ನೂ ಹಾಕಿರಲಿಲ್ಲ. ಮೂಟೆಯಿಂದ ಆರಿಸುವಾಗ... ಒಳ್ಳೇ ವಾಕ್ಯ ರದ್ದಿಗೆ ಹೋಗತ್ತಲ್ಲ ಅಂತ.”

“ಇದೊಂದೇನಾ?”

ಅವರ ಕಣ್ಣು ಒಂದನೇ ತಟ್ಟೆಯ ಕಡೆ ಹೋಯಿತು.

“ಅವರ ಹೆಸರು?”

ಅವರು ಹೆಸರು ಹೇಳಿದರು. ಅವಳು ಅದನ್ನು ಬರೆದುಕೊಂಡಳು, ಕಾಗುಣಿತ ಸರಿಯೇ ಎಂದು ಕೇಳಿ ಖಚಿತ ಮಾಡಿಕೊಂಡಳು. ಆಮೇಲೆ ಎದ್ದು ಕಪಾಟಿನ ಮೇಲಿಂದ ಮೂರನೆಯ ತಟ್ಟೆ ತಂದು, ಬೂಟಿನ ಕಾರ್ಡನ್ನು ಅದರಲ್ಲಿ ಹಾಕಿ, ಒಂದನೇ ತಟ್ಟೆಯ ನಲವತ್ತೆರಡು ಕಾರ್ಡುಗಳನ್ನೂ ಎತ್ತಿ ತನ್ನ ಮುಂದೆ ಇಟ್ಟುಕೊಂಡಳು.

“ಮೊದಲಿಂದ ಓದ್ತೀನಿ ಮಾವ,” ಎಂದಳು. “ಪೂರ್ತಿ ಕೇಳಿಸ್ಕೊಂಡು ಹೇಳಿ.”